ಅಮೆರಿಕದ ಟರ್ನ್‌ಟೇಬಲ್, ನಮ್ಮ 50 ಹರ್ಟ್ಸ್ ಕರೆಂಟು: ಭಾನುವಾರದ ರಾಕ್ ಸೆಟ್‌ನ ರಿಪೇರಿ ದಾಖಲೆ

ಕೆಲಸಕ್ಕೆ ಬಂದದ್ದು ಎರಡು ಪೆಟ್ಟಿಗೆ. 1970ರ ದಶಕದ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ಒಂದು, ಅದೇ ಕಾಲದ ಮುಳ್ಳು ಓಡುವ ಡಯಲ್‌ನ ಎಎಂ-ಎಫ್‌ಎಂ ರಿಸೀವರ್ ಇನ್ನೊಂದು. ಅಮೆರಿಕದಿಂದ ಊರಿಗೆ ಮರಳುವವರ ಸಾಮಾನಿನಲ್ಲಿ ಇಂಥ ಸೆಟ್‌ಗಳು ಬೆಂಗಳೂರಿಗೆ ಬರುತ್ತಲೇ ಇರುತ್ತವೆ. ಬಂದವು ಹೆಚ್ಚಾಗಿ ಅಟ್ಟ ಸೇರುತ್ತವೆ.

ಆಗಬೇಕಿದ್ದದ್ದು ಇಷ್ಟು: ವಾರಕ್ಕೆ ಎರಡು ಎಲ್ಪಿಗಳನ್ನು ಸರಿಯಾದ ವೇಗದಲ್ಲಿ ಕೇಳಬೇಕು, ಅಮೆರಿಕದ ಪೂರ್ವ ಕರಾವಳಿಯ ಕ್ಲಾಸಿಕ್ ರಾಕ್ ಕೇಂದ್ರದಿಂದ ಭಾನುವಾರ ರಾತ್ರಿ ಬರುವ ಎರಡು ಗಂಟೆಯ ಕಾರ್ಯಕ್ರಮ ತಾನಾಗಿ ರೆಕಾರ್ಡ್ ಆಗಿ ಇದೇ ಸೆಟ್‌ನಲ್ಲಿ ನುಡಿಯಬೇಕು. ಹಿಡಿದದ್ದು ಏಳು ವಾರ. ಅದರಲ್ಲಿ ನಾಲ್ಕು ಒಂದು ಪುಲ್ಲಿಗೇ (ಮೋಟಾರಿನ ತುದಿಯ ಬೆಲ್ಟ್ ಚಕ್ರ) ಹೋಯಿತು.

ಇಂಥ ಸೆಟ್ ಕಂಡ ಕೂಡಲೇ ಎಲ್ಲರೂ ಕೇಳುವುದು ವೋಲ್ಟೇಜಿನ ಬಗ್ಗೆ. ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್ ಇದೆ. ಕಾಡುವುದು ಹರ್ಟ್ಸ್, ಅಂದರೆ ಕರೆಂಟಿನ ಆವರ್ತನ: ಅದು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಎಂಬುದು. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ನಮ್ಮ 50 ಹರ್ಟ್ಸನ್ನು ಅಮೆರಿಕದ 60 ಮಾಡಿಕೊಡುವುದಿಲ್ಲ.

ವಾರ 1: ಲೇಬಲ್ ಓದಿ, ಆಮೇಲೆ ಪ್ಲಗ್ ಹಾಕಿ

ಮೋಟಾರಿನ ಮೇಲೆ 120 ವೋಲ್ಟ್, 60 ಹರ್ಟ್ಸ್, 300 ಆರ್‌ಪಿಎಂ ಎಂದಿದೆ. 60 ಹರ್ಟ್ಸ್‌ನಲ್ಲಿ 300 ಸುತ್ತು ಎಂದರೆ 24 ಪೋಲ್‌ನ ಸಿಂಕ್ರೊನಸ್ ಮೋಟಾರು. ಇದರ ವೇಗಕ್ಕೆ ವೋಲ್ಟೇಜು ಕಾರಣವಲ್ಲ, ಕರೆಂಟಿನ ಆವರ್ತನ ಕಾರಣ. ನಮ್ಮ 50 ಹರ್ಟ್ಸ್‌ನಲ್ಲಿ ಅದು ನಿಮಿಷಕ್ಕೆ 250 ಸುತ್ತು ಮಾತ್ರ ತಿರುಗುತ್ತದೆ. ಹಾಗಾಗಿ ಎಲ್ಪಿಗೆ ನಿಮಿಷಕ್ಕೆ 33⅓ ಸುತ್ತು ಬರಬೇಕಾದಲ್ಲಿ ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) 27.78ಕ್ಕೆ ನಿಲ್ಲುತ್ತದೆ. ಡಿಸಿ ಮೋಟಾರಿನ ಮಾದರಿಗಳಿಗೆ ಈ ತಾಪತ್ರಯವಿಲ್ಲ, ಅವಕ್ಕೆ ಅಡಾಪ್ಟರ್ ಬದಲಿಸಿದರೆ ಸಾಕು. ಆದ್ದರಿಂದ ಮೊದಲು ಪ್ಲ್ಯಾಟರ್ ಎತ್ತಿ ಮೋಟಾರಿನ ಲೇಬಲ್ ನೋಡಿ.

ಅಂಗಡಿಯಲ್ಲಿ ಸಿಗುವ 230/110 ಟ್ರಾನ್ಸ್‌ಫಾರ್ಮರ್ ತಂದು (500 ವಿಎ, 1,900 ರೂ.) ಚಾಲೂ ಮಾಡಿದ್ದಾಯಿತು. ಪರೀಕ್ಷೆಗೆ ಇಟ್ಟದ್ದು ಡೀಪ್ ಪರ್ಪಲ್‌ನ 1972ರ ಮಷೀನ್ ಹೆಡ್. ಅದರ ಎರಡನೇ ಬದಿಯ ಮೊದಲ ಹಾಡು ಸ್ಮೋಕ್ ಆನ್ ದ ವಾಟರ್ ಇರುವುದು 5 ನಿಮಿಷ 40 ಸೆಕೆಂಡು. ಇಲ್ಲಿ ಮುಗಿಯಲು 6 ನಿಮಿಷ 48 ಸೆಕೆಂಡು ಹಿಡಿಯಿತು. ಜಿ ಮೈನರ್‌ನ ಆ ಗಿಟಾರ್ ಸಾಲು ಹೆಚ್ಚುಕಡಿಮೆ ಇ ಸ್ವರಕ್ಕೆ ಇಳಿದಿತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದರಿಂದ ಬಿಳಿ ಮೂರಕ್ಕೆ. ಹಾಡುಗಾರ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ.

ಈಗ ಮೊದಲನೇ ತಪ್ಪು. ಸೆಟ್ ಜೊತೆ ಹಳೆಯ ಸ್ಟ್ರೋಬ್ ತಟ್ಟೆಯೊಂದು ಬಂದಿತ್ತು, ಕಾಗದದ್ದು. ಮಿನುಗುವ ದೀಪದಡಿ ತಿರುಗಿಸಿದಾಗ ವೇಗ ಸರಿಯಿದ್ದರೆ ಅದರ ಗೆರೆಗಳು ನಿಂತಂತೆ ಕಾಣಬೇಕು. ಅದನ್ನಿಟ್ಟು ಸ್ವಿಚ್‌ಬೋರ್ಡಿನ ನಿಯಾನ್ ಇಂಡಿಕೇಟರ್ ಬೆಳಕಿನಲ್ಲಿ ನೋಡಿದರೆ 33ರ ಗೆರೆಗಳು ಕಲ್ಲಿನ ಹಾಗೆ ನಿಂತಿದ್ದವು! ವೇಗ ಸರಿಯಿದೆ, ರೆಕಾರ್ಡೇ ಸರಿಯಿಲ್ಲ ಎಂದುಕೊಂಡು ಒಂದು ಸಂಜೆ ಹಾಳಾಯಿತು. ಗೆರೆ ಎಣಿಸಿದ ಮೇಲೆ ಗುಟ್ಟು ಗೊತ್ತಾಯಿತು. ಅದರಲ್ಲಿದ್ದದ್ದು 216 ಗೆರೆ, ಅಮೆರಿಕದ 60 ಹರ್ಟ್ಸ್ ದೀಪಕ್ಕೆ ಮಾಡಿದ್ದು. ನಮ್ಮ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ 216 ಗೆರೆ ನಿಂತಂತೆ ಕಾಣುವುದು ಸರಿಯಾಗಿ 27.78 ವೇಗದಲ್ಲೇ. ಮೋಟಾರು ಎಷ್ಟು ತಪ್ಪಿದೆಯೋ ತಟ್ಟೆಯೂ ಅಷ್ಟೇ ತಪ್ಪಿ, ಎರಡೂ ಸೇರಿ ಸುಳ್ಳು ಸಾಕ್ಷಿ ಹೇಳುತ್ತಿದ್ದವು. 50 ಹರ್ಟ್ಸ್‌ಗೆ 180 ಗೆರೆಯ ತಟ್ಟೆ ಬೇಕು. ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿದರೆ ಹತ್ತು ರೂಪಾಯಿಯ ಕೆಲಸ.

ವಾರ 2: ಟ್ರಾನ್ಸ್‌ಫಾರ್ಮರ್ ಬದಲು

ಮುಕ್ಕಾಲು ಗಂಟೆ ಓಡಿದ ಮೇಲೆ ಮೋಟಾರಿನ ಮೈ 64 ಡಿಗ್ರಿ. ಕೈಯಿಟ್ಟರೆ ಹಿಂದೆಗೆಯಬೇಕು. ಕಾರಣ ಸರಳ: 60 ಹರ್ಟ್ಸ್‌ಗೆ ಸುತ್ತಿದ ಕಾಯಿಲ್‌ಗೆ 50 ಹರ್ಟ್ಸ್ ಕೊಟ್ಟಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. 120 ವೋಲ್ಟಿನದಕ್ಕೆ 100 ವೋಲ್ಟ್. ರಾತ್ರಿ ಹೊತ್ತು ಮನೆಯ ಲೈನು 240 ತೋರಿಸುವಾಗ ಆ ಟ್ರಾನ್ಸ್‌ಫಾರ್ಮರ್ ಕೊಡುತ್ತಿದ್ದದ್ದು 115. ರಿಸೀವರ್ ಒಳಗಿನ ಟ್ರಾನ್ಸ್‌ಫಾರ್ಮರಿಗೂ ಇದೇ ಲೆಕ್ಕ. ಅದು ಗುಂಯ್ ಎನ್ನುತ್ತಿದ್ದದ್ದೂ ಇದಕ್ಕೇ.

ಎಸ್‌ಪಿ ರಸ್ತೆಯ ಆಸುಪಾಸಿನಲ್ಲಿ ಹೇಳಿದ ಹಾಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರಿದ್ದಾರೆ. 230ಕ್ಕೆ 100 ಮತ್ತು 105 ವೋಲ್ಟಿನ ಎರಡು ಟ್ಯಾಪ್ (ಹೊರಗೆಳೆದ ತಂತಿ), 500 ವಿಎ, 3,200 ರೂ. 100ರ ಟ್ಯಾಪಿಗೆ ಹಾಕಿದ ಮೇಲೆ ಮೋಟಾರು 48 ಡಿಗ್ರಿಗೆ ಇಳಿಯಿತು, ರಿಸೀವರಿನ ಗುಂಯ್ ನಿಂತಿತು. ಡಯಲ್ ದೀಪ ಕೊಂಚ ಮಂಕಾಯಿತು, ಅದರಿಂದ ನಷ್ಟವಿಲ್ಲ. ಸುತ್ತಿಸುವಾಗ ಎರಡು ಸುರುಳಿ ಪ್ರತ್ಯೇಕವಾಗಿರಲಿ ಎಂದು ಬಾಯಿಬಿಟ್ಟು ಹೇಳಿ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಲೈನಿನಿಂದ ಬೇರ್ಪಡಿಕೆ ಇರುವುದಿಲ್ಲ. ಲೋಹದ ಟೋನ್‌ಆರ್ಮ್ (ಮುಳ್ಳು ಹಿಡಿದ ತೋಳು) ಮುಟ್ಟುತ್ತಾ ಕೂರುವ ಯಂತ್ರಕ್ಕೆ ಅದು ಬೇಡ.

ವಾರ 3ರಿಂದ 6: ಪುಲ್ಲಿ, ಮೂರು ಸಲ

ಮೋಟಾರು ನಿಧಾನವಾದರೆ ಪುಲ್ಲಿ ದಪ್ಪವಾಗಬೇಕು. ಮಾತು ಇಷ್ಟೇ. ಅಳತೆ ತೆಗೆಯುವುದರಲ್ಲೇ ಎಡವಟ್ಟು.

ಬೆಲ್ಟ್ ಕೂರುವ ಒಳ ಪ್ಲ್ಯಾಟರ್ 6 ಇಂಚಿನ ವರ್ನಿಯರ್‌ಗೆ ಸಿಗುವುದಿಲ್ಲ. ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಎರಡು ತುದಿ ಸೇರುವಲ್ಲಿ ಬ್ಲೇಡಿನಿಂದ ಗೀರಿ, ಬಿಡಿಸಿ ಸ್ಕೇಲಿನ ಮೇಲೆ ಇಟ್ಟರೆ 628.3 ಮಿ.ಮೀ. ಅಂದರೆ ವ್ಯಾಸ 200.0. ಹಳೆಯ ಪುಲ್ಲಿಯಲ್ಲಿ ಎರಡು ವೇಗಕ್ಕೆ ಎರಡು ಮೆಟ್ಟಿಲು: 33ರದ್ದು 21.69, 45ರದ್ದು 29.49. ಹೊಸ ಬೆಲ್ಟಿನ ದಪ್ಪ 0.6. ಮೋಟಾರಿನ ಶಾಫ್ಟ್ 3.175 ಮಿ.ಮೀ., ಅಂದರೆ ಎಂಟನೇ ಒಂದು ಇಂಚು. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಮೊದಲ ಪುಲ್ಲಿ: 21.69 ಗುಣಿಸು 1.2, ಅಂದರೆ 26.03 ಎಂದು ಡ್ರಾಯಿಂಗ್ ಕೊಟ್ಟು 3ಡಿ ಪ್ರಿಂಟ್ ಮಾಡಿಸಿದ್ದು. 300 ರೂ. ವೇಗವೇನೋ ಹತ್ತಿರ ಬಂತು. ಆದರೆ ಉದ್ದಕ್ಕೆ ಎಳೆಯುವ ಆರ್ಗನ್, ಪಿಯಾನೊ ಸ್ವರಗಳೆಲ್ಲ ನಡುಗಿದವು. ಡಯಲ್ ಗೇಜ್ ಇಟ್ಟು ನೋಡಿದರೆ ಒಂದು ಸುತ್ತಿಗೆ 0.1 ಮಿ.ಮೀ. ಏರಿಳಿತ. ಈ ದಪ್ಪದ ಪುಲ್ಲಿಗೆ ಅಷ್ಟು ಓಲಾಟವೆಂದರೆ ವೇಗದಲ್ಲಿ ಆಚೆಗೆ 0.37, ಈಚೆಗೆ 0.37 ಶೇಕಡಾ ಅಲುಗಾಟ, ಅದೂ ಸೆಕೆಂಡಿಗೆ ನಾಲ್ಕು ಸಲ. ಡ್ರಮ್ಸ್ ಅಬ್ಬರದಲ್ಲಿ ಗೊತ್ತಾಗುವುದಿಲ್ಲ, ಒಂಟಿ ಪಿಯಾನೊದಲ್ಲಿ ಬೆತ್ತಲಾಗುತ್ತದೆ. ಜೊತೆಗೆ ಮೇಲ್ಮೈ ಚಪ್ಪಟೆಯಿದ್ದುದರಿಂದ ಬೆಲ್ಟ್ ಹತ್ತು ನಿಮಿಷಕ್ಕೊಮ್ಮೆ ಕೆಳಗೆ ಜಾರಿ ಬೀಳುತ್ತಿತ್ತು. ಚಪ್ಪಟೆ ಬೆಲ್ಟಿಗೆ ಪುಲ್ಲಿಯ ನಡು ಕೊಂಚ ಉಬ್ಬಿರಬೇಕು. ಬೆಲ್ಟ್ ತಾನಾಗಿ ಎತ್ತರಕ್ಕೆ ಏರಿ ನಡುವೆ ನಿಲ್ಲುತ್ತದೆ.

ಎರಡನೆಯದು: ಪೀಣ್ಯದ ಲೇತ್ ಶಾಪಿನಲ್ಲಿ ಹಿತ್ತಾಳೆ ಪುಲ್ಲಿ, ನಡು ಉಬ್ಬಿಸಿ. 850 ರೂ. ಚಕ್‌ಗೆ ಸಲಾಕೆ ಕಚ್ಚಿಸುವ ಮೊದಲೇ ಲೇತ್‌ನವರು ಕೇಳಿದ್ದರು:

"ಬೆಲ್ಟ್ ತಂದಿದೀರಾ ಸಾರ್?"

"ಇಲ್ಲ, ಅಳತೆ ಇದೆಯಲ್ಲ."

"ನೋಡಿ ಮತ್ತೆ. ಬೆಲ್ಟ್ ಇಟ್ಟು ನೋಡಿ ಒಂದು ಕಟ್ ತೆಗೆದ್ರೆ ಒಳ್ಳೇದು."

ಅವರು ಹೇಳಿದ್ದೇ ಸರಿ. ಮನೆಗೆ ತಂದು ಹಾಕಿ 180 ಗೆರೆಯ ತಟ್ಟೆಯಲ್ಲಿ ನೋಡಿದರೆ ಗೆರೆಗಳು ನಿಮಿಷಕ್ಕೆ 27ರಂತೆ ಹಿಂದಕ್ಕೆ ಸರಿಯುತ್ತಿದ್ದವು. 33⅓ರಲ್ಲಿ ನಿಮಿಷಕ್ಕೆ ಹಾದುಹೋಗುವುದು 6,000 ಗೆರೆ. ಅದರಲ್ಲಿ 27 ಎಂದರೆ 0.45 ಶೇಕಡಾ ನಿಧಾನ. ಪರೀಕ್ಷಾ ರೆಕಾರ್ಡಿನ 3150 ಹರ್ಟ್ಸ್ ಸ್ವರ ಫೋನಿನ ಆ್ಯಪ್‌ನಲ್ಲಿ 3136 ತೋರಿಸಿತು, ಅಲ್ಲಿಗೂ ಅದೇ ಲೆಕ್ಕ.

ತಪ್ಪು 1.2ರ ಗುಣಾಕಾರದಲ್ಲಿತ್ತು. ಬೆಲ್ಟ್ ಓಡುವುದು ಪುಲ್ಲಿಯ ಮೇಲ್ಮೈ ವೇಗದಲ್ಲಲ್ಲ, ಬೆಲ್ಟಿನ ದಪ್ಪದ ನಡುಗೆರೆಯ ವೇಗದಲ್ಲಿ. ಆದ್ದರಿಂದ ಪುಲ್ಲಿಗೂ ಪ್ಲ್ಯಾಟರಿಗೂ ಬೆಲ್ಟಿನ ದಪ್ಪ ಸೇರಿಸಿಯೇ ಲೆಕ್ಕ ಹಾಕಬೇಕು:

200.6 ಗುಣಿಸು 33.333 ಭಾಗಿಸು 250 = 26.75. ಅದರಲ್ಲಿ 0.6 ಕಳೆದರೆ 26.15.

ಇದೇ ರೀತಿ 45ಕ್ಕೆ 36.11ರಲ್ಲಿ 0.6 ಕಳೆದು 35.51.

26.03ಕ್ಕೂ 26.15ಕ್ಕೂ ಇರುವುದು ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಲೇತಿನಲ್ಲಿ ತೆಗೆದ ಲೋಹ ತೆಗೆದದ್ದೇ, ಮತ್ತೆ ಅಂಟುವುದಿಲ್ಲ. ಹಾಗಾಗಿ ಒಂದು ಜುಗಾಡ್ ನೋಡಿದ್ದಾಯಿತು: 0.06 ಮಿ.ಮೀ. ದಪ್ಪದ ಕ್ಯಾಪ್ಟಾನ್ ಟೇಪು (ಬಿಸಿ ತಾಳುವ ಪ್ಲಾಸ್ಟಿಕ್ ಪಟ್ಟಿ) ಒಂದು ಸುತ್ತು. ವ್ಯಾಸ 0.12 ಹೆಚ್ಚಿ ಸರಿಯಾಗಿ 26.15! ಗೆರೆಗಳು ನಿಂತವು, ಖುಷಿಯೂ ಆಯಿತು. ಮೂರನೇ ದಿನ ಟೇಪಿನ ಕೂಡುಗೆರೆ ಬಿಸಿಗೆ ಸರಿದು, ಸುತ್ತಿಗೊಂದು ಟಕ್ ಶುರುವಾಯಿತು. ತಾತ್ಕಾಲಿಕಕ್ಕೆ ಪರವಾಗಿಲ್ಲ, ಶಾಶ್ವತಕ್ಕೆ ಬೇಡ.

ಇದೇ ಪುಲ್ಲಿಯ ಇನ್ನೊಂದು ದೋಷ ತೂತಿನದು. 3.2ರ ಡ್ರಿಲ್ ಬಿಟ್ ಹಾಕಿದ್ದರು, ತೂತು 3.25ಕ್ಕೆ ಹೋಗಿತ್ತು. ಶಾಫ್ಟ್ 3.175. ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಗ್ರಬ್ ಸ್ಕ್ರೂ ಬಿಗಿದಾಗ ಪುಲ್ಲಿ ಒಂದು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ, ಓಲಾಟ ಮತ್ತೆ ಹಾಜರ್. ಇಂಚಿನ ಶಾಫ್ಟಿಗೆ ಇಂಚಿನ ರೀಮರೇ (ತೂತನ್ನು ನಿಖರ ಅಳತೆಗೆ ತರುವ ಹತ್ಯಾರ) ಬೇಕು.

ಮೂರನೆಯದು, ಉಳಿದದ್ದು: ಹಿತ್ತಾಳೆ, ನಡು 26.15, ಅಂಚು 26.0, ಮೇಲಿನ ಮೆಟ್ಟಿಲು 35.5. ತೂತನ್ನು 3.1ಕ್ಕೆ ಕೊರೆದು 3.175ರ ರೀಮರ್ ಹಾಯಿಸಿ, ಅದೇ ತೂತಿನಲ್ಲಿ ಮ್ಯಾಂಡ್ರೆಲ್ (ಬಿಗಿಯಾಗಿ ಕೂರುವ ಸಲಾಕೆ) ತೂರಿಸಿ ಹೊರಮೈ ಕೊನೆಗೆ ಕಡೆದದ್ದು. ಈ ಅನುಕ್ರಮ ಮುಖ್ಯ. ತೂತು ಕೊನೆಗೆ ಹಾಕಿದರೆ ಹೊರಮೈಗೂ ತೂತಿಗೂ ಕೇಂದ್ರ ಕೂಡುವುದಿಲ್ಲ. ರೀಮರ್ ಸೇರಿ 1,100 ರೂ. ಈ ಸಲ ಬೆಲ್ಟ್ ಜೇಬಿನಲ್ಲಿತ್ತು.

ಬೆಲ್ಟಿನ ಉದ್ದವೂ ಬದಲಾಗುತ್ತದೆ. ಪುಲ್ಲಿ ಕೂರಿಸಿದ ಮೇಲೆ ಹಿಗ್ಗದ ದಾರವನ್ನು ಪ್ಲ್ಯಾಟರಿಗೂ ಪುಲ್ಲಿಗೂ ಸುತ್ತಿ ಅಳೆದರೆ 683 ಮಿ.ಮೀ. ಬಂತು. ತರಿಸಿದ ಬೆಲ್ಟ್ 650, ಅಂದರೆ ಸುಮಾರು 5 ಶೇಕಡಾ ಗಿಡ್ಡ. 650 ರೂ.; ಉದ್ದ, ಬೆಲೆ ಎರಡೂ ಒಂದೇ ಅಂಕಿ ಆದದ್ದು ಆಕಸ್ಮಿಕ. ಇದಕ್ಕಿಂತ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಶುರುವಿಗೇ ಜಾರುತ್ತದೆ. ದಪ್ಪ ಮಾತ್ರ 0.6 ಎಂದು ಖಾತ್ರಿ ಮಾಡಿಕೊಂಡೇ ತರಿಸಿ. ಇದೇ ಪುಲ್ಲಿಗೆ 0.8ರ ಬೆಲ್ಟ್ ಹಾಕಿದರೆ ವೇಗ 0.65 ಶೇಕಡಾ ಏರುತ್ತದೆ, ಪಟ್ಟ ಶ್ರಮವೆಲ್ಲ ನೀರಿಗೆ.

ಫಲ: ಗೆರೆ ನಿಮಿಷಕ್ಕೆ 3ರಂತೆ ಹಿಂದಕ್ಕೆ, 0.05 ಶೇಕಡಾ. ಸ್ಮೋಕ್ ಆನ್ ದ ವಾಟರ್ ಮತ್ತೆ ಬಿಳಿ ಐದಕ್ಕೆ.

ಸ್ಟ್ರೋಬ್ ಬಗ್ಗೆ ಒಂದು ಮಾತು ಉಳಿಯಿತು. ದೀಪವೂ ಮೋಟಾರೂ ಒಂದೇ ಲೈನಿನಲ್ಲಿರುವುದರಿಂದ ಲೈನಿನ ಆವರ್ತನ ಏರಿಳಿದರೆ ಎರಡೂ ಜೊತೆಗೇ ಏರಿಳಿಯುತ್ತವೆ, ಗೆರೆ ಅಲುಗುವುದಿಲ್ಲ. ಪುಲ್ಲಿಯ ಅಳತೆ ಸರಿಯಿದೆಯೇ ಎಂದು ನೋಡಲು ಇದೇ ಒಳ್ಳೆಯದು. ನಿಜವಾದ ವೇಗ ಬೇಕಾದರೆ 3150ರ ಸ್ವರವೇ ಗತಿ. ಅದು ದಿನದ ಹೊತ್ತಿಗೆ ತಕ್ಕಂತೆ 3145ರಿಂದ 3150ರವರೆಗೆ ಆಡುತ್ತದೆ. ಅಷ್ಟು ವ್ಯತ್ಯಾಸ ಯಾವ ಕಿವಿಗೂ ನಾಟುವುದಿಲ್ಲ. ರೇಡಿಯೊದಲ್ಲಿ ಬರುವ ಅದೇ ಹಾಡಿನ ಜೊತೆ ತಾಳೆ ನೋಡುವ ಉಪಾಯವಂತೂ ಬೇಡ. ಹೆಚ್ಚು ಹಾಡು ತುರುಕಲು ಕೊಂಚ ವೇಗವಾಗಿಯೇ ಬಿಡುವ ಪದ್ಧತಿ ಅಮೆರಿಕದ ಕೆಲವು ಕೇಂದ್ರಗಳಲ್ಲಿತ್ತು.

ಮುಳ್ಳು ಕೂರಿಸಿದ್ದು

ಕಾರ್ಟ್ರಿಜ್ ಎಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಪುಟ್ಟ ಡಬ್ಬಿ. ಇಲ್ಲಿ ಹಾಕಿದ್ದು ಎಲಿಪ್ಟಿಕಲ್ (ಅಂಡಾಕಾರದ) ಮುಳ್ಳಿನ ಎಂಎಂ (ಚಲಿಸುವ ಅಯಸ್ಕಾಂತದ) ಕಾರ್ಟ್ರಿಜ್, 4,800 ರೂ. ಮುಳ್ಳು ರೆಕಾರ್ಡನ್ನು ಒತ್ತುವ ಭಾರ 2 ಗ್ರಾಂ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ (350 ರೂ.). ತಕ್ಕಡಿಯ ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್ಜಿನ ಅಯಸ್ಕಾಂತ ಅದನ್ನು ಎಳೆದು ಸುಳ್ಳು ಭಾರ ತೋರಿಸುತ್ತದೆ, ಅಲ್ಯೂಮಿನಿಯಂ ಇರಲಿ. ತೂಗುವ ಎತ್ತರವೂ ರೆಕಾರ್ಡಿನ ಮೇಲ್ಮೈಯ ಮಟ್ಟದಲ್ಲೇ ಇರಬೇಕು.

ಕೋನಕ್ಕೆ ಎರಡು ಬಿಂದುವಿನ ಪ್ರೊಟ್ರ್ಯಾಕ್ಟರ್ (ಗೆರೆ ಎಳೆದ ಅಳತೆ ಹಾಳೆ): ಕೇಂದ್ರದಿಂದ 66.0 ಮತ್ತು 120.9 ಮಿ.ಮೀ. ಎರಡರಲ್ಲೂ ಕಾರ್ಟ್ರಿಜ್ಜಿನ ಪಕ್ಕೆ ಗೆರೆಗೆ ಸಮನಾಗಬೇಕು. ಒಂದರಲ್ಲಿ ಸರಿ ಬಂದು ಇನ್ನೊಂದರಲ್ಲಿ ಓರೆಯಾದರೆ ಕಾರ್ಟ್ರಿಜ್ಜನ್ನು ತಿರುಗಿಸಬೇಡಿ, ಹಿಂದೆ ಮುಂದೆ ಸರಿಸಿ. ಇಲ್ಲಿ ಎರಡು ಗಂಟೆ ಹೋದರೆ ಬೇಸರ ಬೇಡ. ಪರೀಕ್ಷೆಗೆ ಲೆಡ್ ಝೆಪ್ಪೆಲಿನ್‌ನ 1971ರ ನಾಲ್ಕನೇ ಆಲ್ಬಮ್ಮಿಗಿಂತ ನಿಷ್ಠುರವಾದದ್ದು ಸಿಗಲಿಕ್ಕಿಲ್ಲ. ಮೊದಲ ಬದಿಯ ಕೊನೆಯ ಹಾಡು ಸ್ಟೇರ್‌ವೇ ಟು ಹೆವನ್. ಎಂಟು ನಿಮಿಷ ಮೆಲ್ಲಗೆ ಏರುತ್ತಾ ಹೋಗಿ ಅತಿ ಅಬ್ಬರದ ಭಾಗ ಬರುವುದು ಅತಿ ಒಳಗಿನ ಗೆರೆಗಳಲ್ಲಿ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾಯುತ್ತದೆ, ಒಳ ಅಂಚಿನಲ್ಲಿ 21 ಮಾತ್ರ. ಹಾಗಾಗಿ ಕೋನದ ತಪ್ಪು ಅಲ್ಲೇ ಬಯಲಾಗುತ್ತದೆ. ಆ ಕೊನೆಯ ಕೂಗಿನಲ್ಲಿ ಸಕಾರಗಳು ಚರ್ ಎಂದರೆ ಮತ್ತೆ ಬಿಚ್ಚಿ. ಮೂರನೇ ಸಲಕ್ಕೆ ಸರಿಬಂತು.

ವಾರ 7: ರಿಸೀವರ್ ಮತ್ತು ರೇಡಿಯೊ

ಎಫ್‌ಎಂ 101.3 ರೇನ್‌ಬೋ ಹಾಕಿದರೆ ಕಂಬಳಿ ಹೊದ್ದ ದನಿ. ಇದು ಹಳತಾದ ಬಿಡಿಭಾಗದ ದೋಷವಲ್ಲ, ದೇಶದ ವ್ಯತ್ಯಾಸ. ಪ್ರಸಾರದಲ್ಲಿ ಏರಿಸಿ ಕಳಿಸಿದ ಕೀಚು ದನಿಯನ್ನು ರಿಸೀವರ್ ಇಳಿಸಿಕೊಳ್ಳುತ್ತದೆ. ಆ ಡಿಎಂಫಸಿಸ್ ಅಮೆರಿಕದಲ್ಲಿ 75 ಮೈಕ್ರೊಸೆಕೆಂಡ್, ಇಲ್ಲಿ 50. 10 ಕಿಲೊಹರ್ಟ್ಸ್‌ನಲ್ಲಿ ಮೂರು ಡೆಸಿಬೆಲ್‌ಗಿಂತ ಹೆಚ್ಚು ಕಡಿತ. ಸ್ಟೀರಿಯೊ ಐಸಿಯ ಹಿಂದೆ ಎಡಕ್ಕೊಂದು ಬಲಕ್ಕೊಂದು 5.1 ಕಿಲೊಓಮ್ ಜೊತೆ 0.015 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇದ್ದವು. ಅವನ್ನು 0.01ಕ್ಕೆ ಬದಲಿಸಿದರೆ ಕೆಲಸ ಮುಗಿಯಿತು. ಮೊದಲು ಹಾಕಿದ ಸೆರಾಮಿಕ್ ಜೋಡಿ ಒಂದಕ್ಕೊಂದು ಹೊಂದದೆ, ಎಡಗಿವಿ ಚುರುಕು, ಬಲಗಿವಿ ಮಂದ. ಆರು ಪಾಲಿಯೆಸ್ಟರ್ ತಂದು (40 ರೂ.) ಮೀಟರಿನಲ್ಲಿ ಅಳೆದು ಹತ್ತಿರದ ಎರಡನ್ನು ಆರಿಸಿದ ಮೇಲೆ ಸಮವಾಯಿತು.

ಎಎಂನಲ್ಲಿ ಮುಳ್ಳಿನ ಡಯಲ್ ಆದ್ದರಿಂದ ಬಚಾವು. ಅಮೆರಿಕದ ಡಿಜಿಟಲ್ ಟ್ಯೂನರ್ 10 ಕಿಲೊಹರ್ಟ್ಸ್ ಹೆಜ್ಜೆ ಇಡುತ್ತದೆ, ನಮ್ಮದು 9ರ ಹೆಜ್ಜೆ. ಬೆಂಗಳೂರು ಆಕಾಶವಾಣಿಯ 612 ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ.

ಅಮೆರಿಕದ ಕಾರ್ಯಕ್ರಮ ಬರುವುದು ಇಂಟರ್ನೆಟ್ ಮೂಲಕ. ಹಳೆಯ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು, ಅದಕ್ಕೆ ಡಿಜಿಟಲ್ ಸಂಕೇತವನ್ನು ದನಿಯ ಸಂಕೇತ ಮಾಡುವ 900 ರೂಪಾಯಿಯ ಯುಎಸ್‌ಬಿ ಡ್ಯಾಕ್ (ಪೈ ಮೇಲಿನ ಹೆಡ್‌ಫೋನ್ ತೂತಿನಲ್ಲಿ ಸುಯ್ ಸದ್ದು ಜಾಸ್ತಿ), ಅಲ್ಲಿಂದ ರಿಸೀವರಿನ ಆಕ್ಸ್ (ಹೊರಗಿನ ದನಿ ಸೇರಿಸುವ ತೂತು). 128 ಕಿಲೊಬಿಟ್‌ನ ಎರಡು ಗಂಟೆ ಅಂದರೆ 115 ಎಂಬಿ. ನೆಟ್ ಒಂದು ಕ್ಷಣ ಕಡಿದರೂ ಕಡತ ಅಲ್ಲಿಗೇ ಮುಗಿಯುತ್ತಿತ್ತು. ಮರುಸಂಪರ್ಕದ ಆಯ್ಕೆ ಹಾಕಿ ಹತ್ತು ಹತ್ತು ನಿಮಿಷದ ತುಂಡು ಮಾಡಿದ ಮೇಲೆ ನಷ್ಟ ನಿಂತಿತು.

ಇಲ್ಲಿನ ದೊಡ್ಡ ತಪ್ಪು ಗಡಿಯಾರದ್ದು. ನ್ಯೂಯಾರ್ಕಿನ ಭಾನುವಾರ ರಾತ್ರಿ 9 ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಗ್ಗೆ 6:30. ಟೈಮರನ್ನು 6:30ಕ್ಕೇ ಇಟ್ಟದ್ದಾಗಿತ್ತು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ನಮಗದು 7:30 ಆಗುತ್ತದೆ. ಆ ವಾರ ಸಿಕ್ಕಿದ್ದು ಹಿಂದಿನ ಕಾರ್ಯಕ್ರಮದ ಒಂದು ಗಂಟೆ, ಬೇಕಾದದ್ದರ ಅರ್ಧ. ಟೈಮರಿನಲ್ಲಿ ಭಾರತದ ಸಮಯ ಬರೆಯದೆ ನ್ಯೂಯಾರ್ಕಿನ ಸಮಯವಲಯವನ್ನೇ ಬರೆಯಿರಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ಸಾಧನಗಳಲ್ಲಿ ಸಿಸ್ಟಮ್‌ಡಿ ಟೈಮರ್ ಅದನ್ನು ಒಪ್ಪುತ್ತದೆ, ಡೆಬಿಯನ್‌ನ ಮಾಮೂಲಿ ಕ್ರಾನ್ ಒಪ್ಪುವುದಿಲ್ಲ. ಬ್ರಿಟನ್ನಿನ ಕಾರ್ಯಕ್ರಮವೂ ಪಟ್ಟಿಯಲ್ಲಿದ್ದರೆ ಅದಕ್ಕೆ ಬೇರೆಯೇ ಟೈಮರ್ ಇಡಿ, ಏಕೆಂದರೆ ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ.

ಖರ್ಚು

ಉಪಯೋಗಕ್ಕೆ ಬಂದದ್ದು: ಟ್ರಾನ್ಸ್‌ಫಾರ್ಮರ್ 3,200, ಪುಲ್ಲಿ 1,100, ಬೆಲ್ಟ್ 650, ಕಾರ್ಟ್ರಿಜ್ 4,800, ಪರೀಕ್ಷಾ ರೆಕಾರ್ಡ್ 2,300, ತಕ್ಕಡಿ 350, ಕೆಪ್ಯಾಸಿಟರ್ 40, ಡ್ಯಾಕ್ 900. ಒಟ್ಟು 13,340 ರೂ. ನೀರಿಗೆ ಹೋದದ್ದು: ಮೊದಲ ಟ್ರಾನ್ಸ್‌ಫಾರ್ಮರ್ 1,900, ಪ್ರಿಂಟ್ ಪುಲ್ಲಿ 300, ಮೊದಲ ಹಿತ್ತಾಳೆ 850, ಸೇರಿ 3,050.

ಇನ್ನೂ ಬಗೆಹರಿಯದ್ದು

ಕರೆಂಟು ಹೋಗಿ ಮನೆಯ ಇನ್ವರ್ಟರ್ ಎತ್ತಿಕೊಂಡಾಗ 3150ರ ಸ್ವರ 3186ಕ್ಕೆ ಜಿಗಿಯುತ್ತದೆ. ಇನ್ವರ್ಟರಿನ 50 ಹರ್ಟ್ಸ್ ನಿಜಕ್ಕೂ 50.6. ಅದು ಚೌಕ ಅಲೆಯದ್ದಾದ್ದರಿಂದ ಮೋಟಾರು ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ, ಆ ಸದ್ದು ಮುಳ್ಳಿನ ಮೂಲಕ ಸ್ಪೀಕರಿಗೂ ಬರುತ್ತದೆ. ಮೋಟಾರಿಗೆ ಬೇರೆಯೇ ಸೈನ್ ಅಲೆಯ ಪುಟ್ಟ ಸಪ್ಲೈ ಕಟ್ಟಬೇಕು. ಅಲ್ಲಿಯವರೆಗೆ ಕರೆಂಟು ಹೋದರೆ ಆರ್ಮ್ ಎತ್ತಿಟ್ಟು ಸೋಮವಾರದ ರೆಕಾರ್ಡಿಂಗ್ ಹಾಕುವುದು. ಪೈಗೆ ಹರ್ಟ್ಸ್ ಎಷ್ಟಿದ್ದರೂ ಒಂದೇ.